ಹಡಗಿನ ಗಂಟು

ನಲವತ್ತು ದಾಟಿದ ಗಂಡಸಿಗೆ ಹೊಸ ಹುಚ್ಚೊಂದು ಹಿಡಿದರೆ ಮನೆಯವರು ಮೊದಲು ಜಾತಕ ನೋಡಿಸುತ್ತಾರೆ, ಆಮೇಲೆ ಕಣ್ಣು ನೋಡಿಸುತ್ತಾರೆ. ನನಗೆ ಎರಡೂ ಆಯಿತು. ಜಾತಕದಲ್ಲಿ ಏನೂ ಸಿಕ್ಕಲಿಲ್ಲ. ಕಣ್ಣಿನಲ್ಲಿ ಚಾಳೀಸು ಸಿಕ್ಕಿತು. ಹುಚ್ಚು ಯಾವುದೆಂದರೆ, ಮರದ ಪುಟ್ಟ ಹಾಯಿಹಡಗು ಕಟ್ಟುವುದು. ದೋಣಿಯಲ್ಲಿ ಕುಳಿತರೆ ತಲೆಸುತ್ತು ಬರುವ ಕನ್ನಡ ಮೇಷ್ಟರಿಗೆ ಹಡಗೇಕೆ ಎಂದು ನನ್ನಾಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದರೆ ಅದು ಹುಚ್ಚು ಹೇಗಾದೀತು?

ನಾನು ಆರಿಸಿಕೊಂಡದ್ದು 'ಕಟ್ಟಿ ಸಾರ್ಕ್' ಎಂಬ ಹಡಗನ್ನು. ಚೀಣದಿಂದ ಇಂಗ್ಲೆಂಡಿಗೆ ಚಹಾ ಹೊತ್ತು ತರುವುದಕ್ಕೆಂದು ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಕಟ್ಟಿ, ೧೮೬೯ರ ನವೆಂಬರ್ ೨೨ರಂದು ಅದನ್ನು ನೀರಿಗೆ ಇಳಿಸಿದರು. ಅದಕ್ಕೆ ಐದೇ ದಿನ ಮೊದಲು, ನವೆಂಬರ್ ೧೭ರಂದು, ಸೂಯೆಜ್ ಕಾಲುವೆ ತೆರೆದಿತ್ತು. ಉಗಿಹಡಗುಗಳಿಗೆ ಹತ್ತಿರದ ದಾರಿಯಾಯಿತು. ಗಾಳಿಯನ್ನೇ ನಂಬಿದ ಹಾಯಿಹಡಗು ಆಫ್ರಿಕವನ್ನೆಲ್ಲ ಸುತ್ತಿಕೊಂಡೇ ಬರಬೇಕಾಯಿತು. ಹುಟ್ಟುವ ಹೊತ್ತಿಗೇ ಕಸುಬು ಕೈತಪ್ಪಿದ ಹಡಗು! ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಇದರ ಮೇಲೆ ಕನಿಕರ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ೧೮೭೨ರಲ್ಲಿ 'ಥರ್ಮೋಪಿಲೆ' ಎಂಬ ಹಡಗಿನೊಡನೆ ಇದು ಶಾಂಘೈಯಿಂದ ಪಂದ್ಯ ಹೂಡಿತು. ಹಿಂದೂ ಮಹಾಸಾಗರದಲ್ಲಿ ಬಹಳ ಮುಂದಿದ್ದಾಗ ಬಿರುಗಾಳಿಗೆ ಇದರ ಚುಕ್ಕಾಣಿ ಕಳಚಿಹೋಯಿತು. ಬಂದರಿಗೆ ಓಡದೆ, ಹಡಗಿನಲ್ಲೇ ಇದ್ದ ಮರದಿಂದ ಹೊಸ ಚುಕ್ಕಾಣಿ ಮಾಡಿಕೊಂಡು, ಒಂದು ವಾರ ತಡವಾಗಿ ಲಂಡನ್ನಿಗೆ ಬಂತು. ಸೋತರೂ ಹೆಸರು ಉಳಿದದ್ದು ಇದರದೇ. ೨೦೦೭ರಲ್ಲಿ ಬೆಂಕಿ ಬಿದ್ದು, ದುರಸ್ತಾಗಿ, ೨೦೧೨ರಿಂದ ಮತ್ತೆ ಗ್ರೀನಿಚ್ಚಿನಲ್ಲಿ ಜನರ ದರ್ಶನಕ್ಕೆ ನಿಂತಿದೆ.

ಹಡಗಿನ ಒಡಲು ಕಟ್ಟುವುದು ಅಷ್ಟು ಕಷ್ಟವಲ್ಲ. ಹಲಗೆ ನೆನೆಸು, ಬಗ್ಗಿಸು, ಅಂಟಿಸು. ಕಷ್ಟವೆಲ್ಲ ಹಗ್ಗದಲ್ಲಿದೆ. ಅಸಲಿ ಹಡಗಿನ ಹಗ್ಗಗಳನ್ನೆಲ್ಲ ಬಿಚ್ಚಿ ಒಂದಕ್ಕೊಂದು ಸೇರಿಸಿದರೆ ೧೧ ಮೈಲಿ ಆಗುತ್ತದಂತೆ. ಅದರ ನಡುಗೂವೆಯ ಎತ್ತರ ೧೫೨ ಅಡಿ. ನನ್ನದು ಅಸಲಿನ ೯೬ರಲ್ಲಿ ಒಂದು ಪಾಲು. ಕೂವೆ ೧೯ ಅಂಗುಲಕ್ಕೆ ಇಳಿಯಿತು. ಹಗ್ಗದಲ್ಲಿ ಎರಡು ಜಾತಿ. ಹಾಯಿಯನ್ನು ಏರಿಸಿ ಇಳಿಸುವುದು ಓಡುವ ಹಗ್ಗ. ಕೂವೆಯನ್ನು ಹಿಡಿದು ನಿಲ್ಲಿಸುವುದು ನಿಂತ ಹಗ್ಗ. ಕೂವೆಯ ತಲೆಯಿಂದ ಹಡಗಿನ ಎರಡು ಪಕ್ಕೆಗಳಿಗೆ ಇಳಿಯುವ ನಿಂತ ಹಗ್ಗಕ್ಕೆ ಷ್ರೌಡ್ ಎನ್ನುತ್ತಾರೆ. ಅದರ ಬುಡದಲ್ಲಿ ಮೂರು ತೂತಿನ ಮರದ ಬಿಲ್ಲೆಗಳಿರುತ್ತವೆ. ನನ್ನ ಬಿಲ್ಲೆಗಳು ಹೆಸರುಕಾಳಿನಷ್ಟು. ಚಾಳೀಸಿನ ಕಣ್ಣಿಗೆ ಆ ಮೂರು ತೂತು ಒಮ್ಮೆ ಆರಾಗಿ ಕಾಣುವುದು, ಒಮ್ಮೆ ಕಾಣಿಸುವುದೇ ಇಲ್ಲ.

ಮೊದಲ ಸಲ ನಾನು ಬಲಪಕ್ಕದ ಷ್ರೌಡುಗಳನ್ನೆಲ್ಲ ಕಟ್ಟಿ ಮುಗಿಸಿ, ಆಮೇಲೆ ಎಡಕ್ಕೆ ಬಂದೆ. ನೋಡಿದರೆ ಕೂವೆ ಬಲಕ್ಕೆ ವಾಲಿ ನಿಂತಿದೆ. ಬಲಕ್ಕೊಂದು ಜೋಡಿ, ಎಡಕ್ಕೊಂದು ಜೋಡಿ ಎಂದು ಸರದಿಯ ಮೇಲೆ ಕಟ್ಟುತ್ತ ಹೋಗಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಮೂರು ಭಾನುವಾರದ ಕೆಲಸವನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆ.

ಅದು ಮುಗಿದ ಮೇಲೆ ಬಂತು ಏಣಿ. ನಾವಿಕರು ಕೂವೆ ಹತ್ತುವುದಕ್ಕೆ ಷ್ರೌಡುಗಳಿಗೆ ಅಡ್ಡಡ್ಡಲಾಗಿ ಹಗ್ಗದ ಮೆಟ್ಟಿಲು ಕಟ್ಟಿರುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ, ಷ್ರೌಡು ಷ್ರೌಡಿಗೂ ಒಂದು ಗಂಟು. ದಾರವನ್ನು ಒಂದು ಸುತ್ತು ಸುತ್ತಿ, ತನ್ನ ಮೇಲೆಯೇ ಹಾಯಿಸಿ, ಇನ್ನೊಂದು ಸುತ್ತು ಸುತ್ತಿ, ತುದಿಯನ್ನು ಆ ಸುತ್ತಿನ ಅಡಿಗೆ ತೂರಿಸಿ ಎಳೆಯಬೇಕು. ಇಂಥವು ನೂರಾರು. ಜೋರಾಗಿ ಎಳೆದರೆ ಷ್ರೌಡುಗಳು ಒಳಕ್ಕೆ ಬಾಗಿ ಏಣಿಗೆ ಡಮರುವಿನ ಸೊಂಟ ಬರುತ್ತದೆ. ಮೆಲ್ಲಗೆ ಎಳೆದರೆ ಮೆಟ್ಟಿಲು ಜೋತುಬೀಳುತ್ತದೆ. ನನ್ನ ಏಣಿಗೆ ಎರಡೂ ಆಯಿತು.

ಒಂದು ಸಂಜೆ ಅಮ್ಮ ಬಂದು ಪಕ್ಕದಲ್ಲಿ ನಿಂತಳು. ಬಹಳ ಹೊತ್ತು ನೋಡಿ, "ಇದೇನೋ, ಹೂ ಕಟ್ಟೋ ಗಂಟನ್ನ ಇಷ್ಟು ಒದ್ದಾಡಿಕೊಂಡು ಹಾಕ್ತೀಯ?" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಹೋದ ವರ್ಷ ಶ್ರಾವಣದಲ್ಲಿ ನಮ್ಮ ತಂದೆ ಹೋದರು. ಅಮ್ಮ ಐವತ್ತು ವರ್ಷ ದಿನವೂ ಹೂ ಕಟ್ಟಿದವಳು. ನೆನೆಸಿದ ಬಾಳೆನಾರು, ಮೊರದಲ್ಲಿ ಮಲ್ಲಿಗೆ. ಮಾತು ಒಂದು ಕಡೆ, ಕೈ ಒಂದು ಕಡೆ. ಹದಿಮೂರನೆಯ ದಿನ ಬಂಧುಗಳಲ್ಲಿ ಹಿರಿಯರೊಬ್ಬರು, ಅವಳು ಮೊರದ ಕಡೆಗೆ ಕೈ ನೀಡಿದಾಗ, "ಇನ್ನು ನಿನಗೇಕಮ್ಮ ಹೂವಿನ ಗೊಡವೆ" ಎಂದುಬಿಟ್ಟರು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ತರಗತಿಯಲ್ಲಿ ವಚನಕಾರರ ಕೆಚ್ಚನ್ನು ಕುರಿತು ಗಂಟೆಗಟ್ಟಲೆ ಪಾಠ ಹೇಳುವ ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಅಂದಿನಿಂದ ನಮ್ಮ ಮನೆಯ ದೇವರಿಗೆ ಅಂಗಡಿಯವನು ಕಟ್ಟಿದ ಹೂವು, ಮೊಳದ ಲೆಕ್ಕದಲ್ಲಿ.

ನಾನು ಕುರ್ಚಿ ಬಿಟ್ಟುಕೊಟ್ಟೆ. ಅಮ್ಮ ದಾರವನ್ನು ಬೆರಳಿನಲ್ಲಿ ತೀಡಿ ನೋಡಿ, "ಏನು ಹಚ್ಚಿದೀಯ?" ಎಂದಳು. ಎಳೆ ಸಿಬಿರದಿರಲೆಂದು ಜೇನುಮೇಣ ತಿಕ್ಕಿದ್ದೆ. "ಒಳ್ಳೇದು" ಎಂದಳು. ಚಿಮಟವನ್ನು ಮುಟ್ಟಲಿಲ್ಲ. ನನ್ನ ಗಂಟು ಹೇಗೆಂದು ಎರಡು ಸಲ ತೋರಿಸಿದೆ. ಮೂರನೆಯದು ಅವಳದೇ ಆಗಿತ್ತು. "ಬಿಗಿದರೆ ತೊಟ್ಟು ಮುರಿಯುತ್ತೆ, ಸಡಿಲ ಬಿಟ್ಟರೆ ಹೂ ಜಾರುತ್ತೆ. ಎಷ್ಟು ಬೇಕೂಂತ ಬೆರಳಿಗೇ ಗೊತ್ತಾಗಬೇಕು" ಎಂದಳು. ಒಂದು ತಿಂಗಳ ಸಂಜೆಗಳಲ್ಲಿ ಎಡಪಕ್ಕದ ಮೂರು ಏಣಿಗಳೂ ಮೇಲಕ್ಕೆ ಎದ್ದವು, ಅಂಗಡಿಯ ಬಾಚಣಿಗೆಯ ಹಲ್ಲಿನಂತೆ ಸಮಸಮನಾಗಿ.

ಕಡೆಯ ಗಂಟಿನ ದಿನ ನಾನು ಕಾಲೇಜಿನಿಂದ ಬರುತ್ತ ಬಿಡಿಮಲ್ಲಿಗೆ ಒಂದು ಸೇರು ತಂದೆ. ಜೊತೆಗೆ ಬಾಳೆನಾರು. ಹಡಗಿನ ಪಕ್ಕದಲ್ಲಿಟ್ಟು, ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತನ್ನು ಹೇಳಿದೆ: "ಅವತ್ತು ನಾನು ಸುಮ್ಮನಿದ್ದದ್ದು ತಪ್ಪು, ಅಮ್ಮ."

ಅಮ್ಮ ಹೂವನ್ನೇ ನೋಡುತ್ತಿದ್ದಳು. "ನೀನು ಸುಮ್ಮನಿದ್ದದ್ದು ನಾನೂ ನೋಡಿದ್ದೆ" ಎಂದಳು. ಆಮೇಲೆ, "ನಾರು ನೆನೆಸಿಲ್ಲವಲ್ಲೋ, ಹೀಗೆ ಕಟ್ಟಿದರೆ ತುಂಡಾಗುತ್ತೆ, ನೀರು ತಾ" ಎಂದಳು.

ಕಟ್ಟಿದಳು. ದೇವರಿಗೆ ಒಂದು, ಸೊಸೆಗೆ ಒಂದು. ಮಿಕ್ಕ ಗೇಣುದ್ದವನ್ನು ಹಿಡಿದು ಒಳಗೆ ಹೋದಳು. ಅದು ಏನಾಯಿತೆಂದು ನಾನು ವಿಚಾರಿಸಲಿಲ್ಲ. ಎಲ್ಲವನ್ನೂ ವಿಚಾರಿಸುವುದು ಮೇಷ್ಟರ ದುರಭ್ಯಾಸ.

ಹಡಗು ಈಗ ನಡುಮನೆಯ ಬೀರುವಿನ ಮೇಲಿದೆ. ಬಂದವರೆಲ್ಲ ಏಣಿಯನ್ನು ನೋಡಿ ನನ್ನ ತಾಳ್ಮೆಯನ್ನು ಹೊಗಳುತ್ತಾರೆ. ಅವರಿಗೆ ಕಾಣುವುದು ಅಮ್ಮ ಕಟ್ಟಿದ ಎಡಪಕ್ಕ. ನಾನು ಕಟ್ಟಿದ ಬಲಪಕ್ಕವನ್ನು ಗೋಡೆಗೆ ತಿರುಗಿಸಿಟ್ಟಿದ್ದೇನೆ.