ಮಾಂದಲ್‌ಪಟ್ಟಿಯ ಕೆಸರು, ಶ್ಯಾಕಲ್ಲಿನ ಅಂಕಿ

ಕೊಡಗಿನ ಮಳೆಗಾಲದ ಗುಣವನ್ನು ಅರಿಯಬೇಕಾದರೆ ಮಾಂದಲ್‌ಪಟ್ಟಿಗೆ ಹೋಗಬೇಕು. ಮಡಿಕೇರಿಯಿಂದ ಅಬ್ಬಿ ಜಲಪಾತದ ಕಡೆಯಿಂದಲೂ ಹೋಗಬಹುದು, ಮಕ್ಕಂದೂರಿನ ಕಡೆಯಿಂದಲೂ ಹೋಗಬಹುದು. ಕಾಫಿ ತೋಟಗಳು ಹಿಂದೆ ಸರಿದಂತೆ ಹುಲ್ಲು ಹೊದ್ದ ಗುಡ್ಡಗಳು ತೆರೆದುಕೊಳ್ಳುತ್ತವೆ. 2008ರಲ್ಲಿ ತೆರೆಕಂಡ ‘ಗಾಳಿಪಟ’ ಚಿತ್ರದಲ್ಲಿ ಮುಗಿಲುಪೇಟೆಯಾಗಿ ಕಂಡ ಬೆಟ್ಟ ಇದೇ.

ಮುಗಿಲು ನೋಡಲು ಬಂದವರಿಗೆ ಮೊದಲು ಎದುರಾಗುವುದು ಮಾತ್ರ ಕೆಸರು. ಕಡಿದಾದ ಏರಿನಲ್ಲಿ ಫೋರ್ ವೀಲ್ ಜೀಪುಗಳೇ ಗತಿ. ಅವೂ ಒಮ್ಮೊಮ್ಮೆ ಹೂತು ನಿಲ್ಲುತ್ತವೆ. ಆಗ ಇನ್ನೊಂದು ಜೀಪು ಬರುತ್ತದೆ, ಹಗ್ಗ ಬಿಗಿಯುತ್ತಾರೆ, ಪ್ರವಾಸಿಗರು ಸುತ್ತ ನೆರೆದು ಕ್ಯಾಮೆರಾ ತೆಗೆಯುತ್ತಾರೆ. ನಿಜವಾದ ಅಪಾಯ ಇರುವುದು ಆ ಗಳಿಗೆಯಲ್ಲೇ.

ಹಗ್ಗವನ್ನು ಜೀಪಿಗೆ ಜೋಡಿಸುವ ‘ಶ್ಯಾಕಲ್’ ಎಂಬ ಉಕ್ಕಿನ ಬಳೆಯನ್ನು ಗಮನಿಸಿ. ಒಳ್ಳೆಯದಾದರೆ ಮೈಮೇಲೆ ಒಂದು ಅಂಕಿ ಅಚ್ಚಾಗಿರುತ್ತದೆ. 19 ಮಿಲಿಮೀಟರಿನ ಶ್ಯಾಕಲ್ಲಿಗೆ ಸಾಮಾನ್ಯವಾಗಿ 4.75 ಟನ್. ಇದು ಮುರಿಯುವ ಭಾರವಲ್ಲ, ನೆಮ್ಮದಿಯಿಂದ ಹೊರಿಸಬಹುದಾದ ಭಾರ. ಆರು ಪಟ್ಟು ರಕ್ಷಣೆ ಇಟ್ಟು ಮಾಡಿದ್ದಾದರೆ ಅದು ಮುರಿಯಲು 28 ಟನ್ನಿಗೂ ಹೆಚ್ಚು ಬೇಕು. ಆದರೆ ಹಲವು ಹಗ್ಗ, ಪಟ್ಟಿಗಳ ಮೇಲೆ ಬರೆದಿರುವುದು ಹರಿಯುವ ಭಾರ! ಈ ಎರಡು ಅಂಕಿಗಳನ್ನು ಒಂದೇ ಎಂದುಕೊಂಡರೆ ಲೆಕ್ಕವೆಲ್ಲ ತಲೆಕೆಳಗು.

ಜನ ತುಂಬಿದ ಜೀಪು ಎರಡು ಟನ್ ತೂಗುತ್ತದೆ ಎನ್ನೋಣ. ಚಕ್ರದ ಮಟ್ಟಕ್ಕೆ ಹೂತರೆ ಎಳೆಯಲು ಹೆಚ್ಚುಕಡಿಮೆ ಅಷ್ಟೇ ಬಲ ಬೇಕು. ನಾಲ್ಕಕ್ಕೊಂದರ ಏರಾದರೆ ಇನ್ನರ್ಧ ಟನ್ ಸೇರಿಸಿ. ನಿಧಾನವಾಗಿ ಎಳೆದರೆ ಎರಡೂವರೆ ಟನ್ನಿನಲ್ಲಿ ಕೆಲಸ ಮುಗಿಯಿತು. ಓಡಿಬಂದು ಜಗ್ಗಿದರೆ ಆ ಬಲ ಹಲವು ಪಟ್ಟು ಏರುತ್ತದೆ. ಹಿಗ್ಗದ ಸರಪಳಿಯಲ್ಲಿ ಜಗ್ಗುವುದಂತೂ ಸಲ್ಲದು.

ಹಗ್ಗದಲ್ಲಿ ಗಂಟು ಹಾಕಿದರೆ ಅದರ ಶಕ್ತಿ ಅರ್ಧದಷ್ಟು ಇಳಿಯಬಹುದು. ಶ್ಯಾಕಲ್ಲನ್ನು ಅಡ್ಡಕ್ಕೆ ಎಳೆದರೂ ಹಾಗೆಯೇ. ಮರಕ್ಕೆ ರಾಟೆ ಕಟ್ಟಿ ಹಗ್ಗವನ್ನು ಹಿಂದಕ್ಕೆ ತಿರುಗಿಸಿದರೆ ಜೀಪಿಗೆ ಎಳೆತ ಇಮ್ಮಡಿಯಾಗುತ್ತದೆ ನಿಜ, ಆದರೆ ಆ ಇಮ್ಮಡಿ ಭಾರ ರಾಟೆಯ ಕೊಕ್ಕೆಗೂ ಮರಕ್ಕೂ ಬೀಳುತ್ತದೆ. ವಿಂಚಿನ ಮೇಲಿನ ಅಂಕಿಯೂ ಉರುಳೆಯ ಮೊದಲ ಸುತ್ತಿಗಷ್ಟೇ ಅನ್ವಯ. ಸುತ್ತಿನ ಮೇಲೆ ಸುತ್ತು ಏರಿದಂತೆ ಎಳೆತ ಕುಗ್ಗುತ್ತದೆ.

ಟ್ರೇಲರ್ ಸಿಕ್ಕಿಸುವ ಗುಂಡಿಗೆ ಹಗ್ಗ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಮುರಿದರೆ ಫಿರಂಗಿ ಗುಂಡಿನಂತೆ ಹಾರುತ್ತದೆ. ಆಸ್ಟ್ರೇಲಿಯಾದಲ್ಲಿ ಇದರಿಂದ ಜೀವಗಳೇ ಹೋಗಿವೆ. ಬಂಪರ್ ಕೂಡ ಎಳೆಯುವ ಜಾಗವಲ್ಲ; ಚಾಸಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಕೊಕ್ಕೆಯೇ ಬೇಕು. ಇಡೀ ಜೋಡಣೆಯ ಬಲ ಎಂದರೆ ಅದರಲ್ಲಿ ತೀರ ದುರ್ಬಲವಾದ ತುಂಡಿನ ಬಲ.

ಆದ್ದರಿಂದ ಹಗ್ಗ ಬಿಗಿಯಾಗುವ ಮುನ್ನ ಮಕ್ಕಳನ್ನು ಕರೆದುಕೊಂಡು ದೂರ ಸರಿಯಿರಿ. ಹಗ್ಗದ ನೇರಕ್ಕೂ ನಿಲ್ಲಬೇಡಿ, ಅದನ್ನು ದಾಟಲೂ ಬೇಡಿ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ ಹರಿದಾಗ ಚಿಮ್ಮುವ ರಭಸ ಸ್ವಲ್ಪ ತಗ್ಗುತ್ತದೆ. ಅಂಕಿ ಇಲ್ಲದ ಶ್ಯಾಕಲ್ ಕಂಡರೆ ಬೇರೆಯದು ಕೇಳಲು ಸಂಕೋಚ ಬೇಡ. ಹತ್ತು ನಿಮಿಷ ತಡವಾದೀತು, ಅಷ್ಟೇ. ಮಾಂದಲ್‌ಪಟ್ಟಿಯ ಮಂಜು ಹೇಗೂ ಅಷ್ಟು ಬೇಗ ಕರಗುವುದಿಲ್ಲ.