ಪತ್ತೇದಾರನ ಪ್ರೇಯಸಿಯರು

ಪತ್ತೇದಾರಿ ಕಥೆಗೂ ಪ್ರೇಮಕ್ಕೂ ಎಣ್ಣೆ–ಸೀಗೆಕಾಯಿಯ ಸಂಬಂಧವೆಂಬುದು ಆ ಸಾಹಿತ್ಯಪ್ರಕಾರದ ಪಂಡಿತರ ಮತ. 1928ರಲ್ಲಿ ಅಮೆರಿಕದ ಲೇಖಕ ಎಸ್.ಎಸ್. ವ್ಯಾನ್ ಡೈನ್ ಪತ್ತೇದಾರಿ ಬರಹಗಾರರಿಗೆಂದು ಇಪ್ಪತ್ತು ನಿಯಮಗಳನ್ನು ರಚಿಸಿದಾಗ, ಕಥೆಯಲ್ಲಿ ಪ್ರೇಮಪ್ರಸಂಗ ಇರಕೂಡದೆಂಬುದನ್ನು ಮೂರನೆಯ ನಿಯಮವಾಗಿ ಸೇರಿಸಿದ್ದ. ಅಪರಾಧಿಯನ್ನು ಕಟಕಟೆಗೆ ಹತ್ತಿಸುವುದು ಪತ್ತೇದಾರನ ಕೆಲಸವೇ ಹೊರತು ಯಾರನ್ನಾದರೂ ಹಸೆಮಣೆಗೆ ಹತ್ತಿಸುವುದಲ್ಲ ಎಂಬುದು ಅವನ ವಾದದ ತಿರುಳು. ಆದರೆ ಓದುಗರು ನಿಯಮಗಳನ್ನು ಓದುವವರಲ್ಲ. ಐರೀನ್ ಆಡ್ಲರ್ ಎಂಬ ಹೆಣ್ಣು 1891ರ ಒಂದೇ ಒಂದು ಕಥೆಯಲ್ಲಿ ಷರ್ಲಾಕ್ ಹೋಮ್ಸನಿಗೆ ಎದುರಾಗಿ, ಅವನನ್ನು ಸೋಲಿಸಿ ಹೊರಟುಹೋದಳು. ಅಂದಿನಿಂದ ಇಂದಿನವರೆಗೆ ಅಭಿಮಾನಿಗಳು ಆ ಬ್ರಹ್ಮಚಾರಿಗೆ ಅವಳನ್ನು ಗಂಟುಹಾಕುವ ಪ್ರಯತ್ನವನ್ನು ಬಿಟ್ಟಿಲ್ಲ. ಪತ್ತೇದಾರನಿಗೆ ಯಾರು ಜೋಡಿ ಎಂಬ ಪ್ರಶ್ನೆ ಕೊಲೆಗಾರ ಯಾರು ಎಂಬ ಪ್ರಶ್ನೆಗಿಂತ ದೀರ್ಘಾಯುಷಿ. ಕೊಲೆಗಾರ ಕೊನೆಯ ಪುಟದಲ್ಲಿ ಸಿಕ್ಕಿಬೀಳುತ್ತಾನೆ, ಜೋಡಿಯ ಚರ್ಚೆ ಮಾತ್ರ ಪುಸ್ತಕ ಮುಚ್ಚಿದ ಮೇಲೆ ಆರಂಭವಾಗುತ್ತದೆ.

ನಮ್ಮ ಸೀಮೆಗೂ ಈ ಚರ್ಚೆ ಹೊಸದಲ್ಲ. ನಮ್ಮ ಸೀಮೆಯೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಬೀಚಿಯವರು ಹುಟ್ಟಿದ ಹರಪನಹಳ್ಳಿ. 2021ರಿಂದ ಇವೆಲ್ಲ ವಿಜಯನಗರ ಜಿಲ್ಲೆಗೆ ಸೇರಿವೆ. ನಾನು ಹೇಳಹೊರಟಿರುವ ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ಪಡುವಣ ಅಂಚಾಗಿದ್ದವು. ಮಳೆ ಕಡಿಮೆ, ಓದುವ ಹಸಿವು ಹೆಚ್ಚು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ದಾರಕ್ಕೆ ನೇತುಬಿದ್ದಿರುತ್ತಿದ್ದವು. ನಾಲ್ಕನೆಯ ತರಗತಿಯವರೆಗೆ ಓದಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಆ ಮಹನೀಯರು ನನ್ನಂಥ ಎಷ್ಟು ಹಳ್ಳಿಯ ಹುಡುಗರಿಗೆ ಕನ್ನಡವನ್ನು ಓಡುತ್ತ ಓದುವುದನ್ನು ಕಲಿಸಿದರೋ ಲೆಕ್ಕವಿಟ್ಟವರಿಲ್ಲ. ಪಠ್ಯಪುಸ್ತಕದ ನಡುವೆ ಅದನ್ನು ಬಚ್ಚಿಟ್ಟು ಓದಿದವರೇ ಮುಂದೆ ಮಾಸ್ತರರಾಗಿ, ಬಚ್ಚಿಟ್ಟು ಓದುವ ಹುಡುಗರನ್ನು ಕಂಡೂ ಕಾಣದಂತೆ ಮುಂದಕ್ಕೆ ನಡೆದದ್ದು ಬೇರೆ ಮಾತು.

ಪುಸ್ತಕ ಒಬ್ಬೊಬ್ಬರೇ ಓದುವಂಥದು. ವಾದಕ್ಕೆ ಜನ ಬೇಕು. ಜನ ಕೂಡುತ್ತಿದ್ದದ್ದು ಡೇರೆ ಸಿನಿಮಾದಲ್ಲಿ. ಮಾಘ ಮಾಸದಲ್ಲಿ ಕೊಟ್ಟೂರೇಶ್ವರನ ತೇರಿನ ಹೊತ್ತಿಗೆ ನಾಟಕ ಕಂಪನಿಗಳ ಜೊತೆಗೆ ಟೂರಿಂಗ್ ಟಾಕೀಸಿನ ಡೇರೆಯೂ ಬಂದು ಕೂರುತ್ತಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಎದೆಯೆತ್ತರದ ಅಡ್ಡೆ. ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆಮಾಡಿ ಅದನ್ನೇ ಸಿಂಹಾಸನ ಮಾಡಿಕೊಳ್ಳುತ್ತಿದ್ದರು. ಪಟ್ಟಣಗಳಲ್ಲಿ ಓಡಿ ಗೀರುಬಿದ್ದ ರೀಲುಗಳು ವರ್ಷವೋ ಎರಡು ವರ್ಷವೋ ತಡವಾಗಿ ನಮ್ಮಲ್ಲಿಗೆ ಬರುತ್ತಿದ್ದವು.

ಹಾಗೆ ಬಂದವುಗಳಲ್ಲಿ ಊರನ್ನೇ ಅಲ್ಲಾಡಿಸಿದವು ದೊರೈ–ಭಗವಾನ್ ನಿರ್ದೇಶನದ ಸಿ.ಐ.ಡಿ. 999 ಚಿತ್ರಗಳು. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ಅಲ್ಲಿಯವರೆಗೆ ರಾಜಕುಮಾರರನ್ನು ಕಿರೀಟದಲ್ಲಿ, ಪಂಚೆಯಲ್ಲಿ ಕಂಡಿದ್ದ ಜನ ಈಗ ಸೂಟಿನಲ್ಲಿ, ಕೈಯಲ್ಲಿ ಪಿಸ್ತೂಲು ಹಿಡಿದು ನಿಂತವರನ್ನು ಕಂಡು ಬೆಕ್ಕಸ ಬೆರಗಾದರು. ಪತ್ತೇದಾರ ಒಬ್ಬನೇ, ನಾಯಕಿಯರು ಮಾತ್ರ ಬೇರೆ ಬೇರೆ: ಮೊದಲನೆಯದರಲ್ಲಿ ಜಯಂತಿ, ಎರಡನೆಯದರಲ್ಲಿ ಲಕ್ಷ್ಮಿ, ಮೂರನೆಯದರಲ್ಲಿ ರೇಖಾ. ಇಂಗ್ಲಿಷಿನ ಜೇಮ್ಸ್ ಬಾಂಡ್ ಚಿತ್ರಗಳ ಅಚ್ಚು ಇದು. ಅಲ್ಲಿಯೂ ಚಿತ್ರಕ್ಕೊಬ್ಬ ಹೊಸ ಹುಡುಗಿ, ಚಿತ್ರ ಮುಗಿದರೆ ಅವಳೂ ಮುಗಿದಳು. ಹೊಸ ಮುಖವೆಂದರೆ ಹೊಸ ಭಿತ್ತಿಪತ್ರ, ಹೊಸ ಭಿತ್ತಿಪತ್ರವೆಂದರೆ ಹೊಸ ಪ್ರೇಕ್ಷಕ. ವ್ಯಾಪಾರದ ಲೆಕ್ಕ ಸರಿಯಾಗಿಯೇ ಇತ್ತು.

ಊರಿನಲ್ಲಿ ಪಕ್ಷಗಳು ಹುಟ್ಟಿದವು. ಜಯಂತಿಯವರದು ಪ್ರಬಲ ಪಕ್ಷ, ಏಕೆಂದರೆ ಅವರು ಹುಟ್ಟಿದ್ದು ಬಳ್ಳಾರಿಯಲ್ಲಿ. ನಮ್ಮ ಜಿಲ್ಲೆಯ ಮಗಳನ್ನು ಬಿಟ್ಟು 999 ಬೇರೆಯವರ ಕೈಹಿಡಿಯುವುದೆಂದರೇನು ಎಂಬುದು ಹಿರಿಯರ ತಕರಾರು. ಹೈಸ್ಕೂಲಿನ ಹುಡುಗರಾದ ನಮಗೆ ಕನ್ನಡಕ್ಕೆ ಆಗಷ್ಟೇ ಬಂದಿದ್ದ ಲಕ್ಷ್ಮಿಯೇ ಸರಿ. ರೇಖಾ ನಾಯಕಿಯಾಗಿ ನಟಿಸಿದ ಮೊದಲ ಚಿತ್ರವೇ ‘ಜಾಕ್‌ಪಾಟ್’. ಮರುವರ್ಷ ಅವರು ಹಿಂದಿಯಲ್ಲಿ ಹೆಸರುಮಾಡಿದ ಮೇಲೆ, ನಾವು ಅಂದೇ ಹೇಳಿದ್ದೆವು ಎನ್ನುವವರ ಮೂರನೆಯ ಪಕ್ಷವೂ ತಡವಾಗಿ ತಲೆಯೆತ್ತಿತು. ಮಿರ್ಚಿ–ಮಂಡಕ್ಕಿಯ ಅಂಗಡಿಯ ಮುಂದೆ ಸಾಗುತ್ತಿದ್ದ ಆ ವಾದಗಳಲ್ಲಿ ತರ್ಕಕ್ಕೇನೂ ಕೊರತೆಯಿರಲಿಲ್ಲ. ಅಪಾಯದಲ್ಲಿ ಜೊತೆ ನಿಲ್ಲುವವಳು ದೊಡ್ಡವಳೋ, ಅಪಾಯದಿಂದ ಅವನನ್ನು ಹಿಂದಕ್ಕೆ ಕರೆತರುವವಳು ದೊಡ್ಡವಳೋ ಎಂದು ಕಬ್ಬಿನ ಗಾಡಿ ಹೊಡೆಯುವವರು ತೀರ್ಪು ಕೊಡುತ್ತಿದ್ದರು.

ಅಡ್ಡೆಯ ಆಚೆಯಿಂದ ಬಂದ ಪ್ರಶ್ನೆಯೇ ಬೇರೆ. ಅದನ್ನು ಕೇಳಿದವಳು ನನ್ನ ಸೋದರತ್ತೆ. ಎರಡನೆಯ ಚಿತ್ರ ನೋಡಿ ಮನೆಗೆ ನಡೆದು ಬರುವಾಗ, ಲಾಟೀನಿನ ಬೆಳಕಿನಲ್ಲಿ, ಯಾರನ್ನೂ ನೋಡದೆ ಕೇಳಿದಳು: “ಹೋದ ಸಿನಿಮಾದಾಗಿದ್ದಾಕಿ ಏನಾದಳಪಾ?” ಅದು ಬೇರೆ ಕಥೆ, ಇದು ಬೇರೆ ಕಥೆ ಎಂದು ನಾನು ಜಾಣತನದಿಂದ ವಿವರಿಸಿದೆ. ಅವಳು ಒಪ್ಪಲಿಲ್ಲ. “ಅವನು ಅವನೇ ಅಲ್ಲೇನು? ನಂಬರೂ ಅದೇ ಐತಲ್ಲ. ಊರೂರು ತಿರುಗಿ ಕಳ್ಳರ್ನ ಹುಡುಕ್ತಾನ. ಆಕಿನ್ನ ಹುಡುಕೋರು ಯಾರು?” ಎಂದಳು. ಜೊತೆಯಲ್ಲಿದ್ದವರು ನಕ್ಕರು.

ಅವಳ ಕಥೆಯನ್ನು ಇಲ್ಲಿ ಹೇಳದಿದ್ದರೆ ಆ ಪ್ರಶ್ನೆಯ ತೂಕ ತಿಳಿಯದು. ಮಾವ ಮದುವೆಯಾದ ಮೂರನೆಯ ವರ್ಷ ಬರಗಾಲದಲ್ಲಿ ದಾವಣಗೆರೆಯ ಹತ್ತಿ ಗಿರಣಿಯೊಂದಕ್ಕೆ ಕೂಲಿಗೆ ಹೋದವರು ಅಲ್ಲಿಯೇ ಇನ್ನೊಂದು ಮನೆ ಮಾಡಿದರು. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದರು, ಆಮೇಲೆ ಹಣ ಮಾತ್ರ ಬರುತ್ತಿತ್ತು, ಆಮೇಲೆ ಅದೂ ಇಲ್ಲ. 1955ರ ಹಿಂದೂ ವಿವಾಹ ಕಾಯಿದೆ ಎರಡನೆಯ ಮದುವೆಯನ್ನು ಅಸಿಂಧುವೆಂದಿತ್ತು, ಅಪರಾಧವೆಂದೂ ಹೇಳಿತ್ತು. ಕಾಯಿದೆ ಪುಸ್ತಕದಲ್ಲಿತ್ತು, ನಮ್ಮ ಮನೆಯಲ್ಲಿ ರೊಟ್ಟಿಯ ಹಂಚು ಇತ್ತು. ಅತ್ತೆ ತವರಿಗೆ ಬಂದು ಖಾನಾವಳಿಗೆ ರೊಟ್ಟಿ ಬಡಿದುಕೊಡುತ್ತ ಉಳಿದಳು. ಡೇರೆ ಬಂದಾಗ ಮಾತ್ರ ತನ್ನ ದುಡ್ಡಿನಲ್ಲಿ ಟಿಕೆಟ್ಟು ಕೊಂಡು ಸಿನಿಮಾ ನೋಡುತ್ತಿದ್ದಳು.

ಆ ದಾವಣಗೆರೆಯ ಹೆಂಗಸು ಒಮ್ಮೆ ನಮ್ಮ ಮನೆಗೆ ಬಂದಳು. ಮಾವ ತೀರಿಕೊಂಡ ಒಂದು ತಿಂಗಳ ಮೇಲೆ, ಮಗನೊಬ್ಬನನ್ನು ಕೈಹಿಡಿದುಕೊಂಡು, ಹೊಲದ ಪಾಲಿನ ವಿಚಾರ ಕೇಳಲು. ಕಟ್ಟೆಯ ಮೇಲೆ ಇಬ್ಬರೂ ಕುಳಿತು ಬಹಳ ಹೊತ್ತು ಮಾತಾಡಿದರು. ಏನು ಮಾತಾಡಿದರೆಂದು ನಮಗಾರಿಗೂ ಅತ್ತೆ ಹೇಳಲಿಲ್ಲ. ಹೊರಡುವಾಗ ಆ ಹುಡುಗನ ಕೈಗೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ ಕೊಟ್ಟಳು. ಅಂದು ಸಂಜೆ ಓಣಿ ಎರಡು ಪಕ್ಷವಾಯಿತು. ತಾಳಿ ಕಟ್ಟಿಸಿಕೊಂಡವಳು ದೊಡ್ಡವಳೆಂದು ಕೆಲವರು, ಕೊನೆಗಾಲದಲ್ಲಿ ನೀರು ಕೊಟ್ಟವಳು ದೊಡ್ಡವಳೆಂದು ಕೆಲವರು. ಜಯಂತಿ–ಲಕ್ಷ್ಮಿಯರ ವಾದ ಮಾಡಿದ ಬಾಯಿಗಳೇ, ಅದೇ ಉತ್ಸಾಹ. ತೀರ್ಪು ಕೊಡುವವರಲ್ಲಿ ಒಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದ ಆ ಇಬ್ಬರನ್ನು ಏನೂ ಕೇಳಲಿಲ್ಲ.

ನಮ್ಮ ಹಿಂದಿನವರು ಇಷ್ಟು ಕಿವುಡರಾಗಿರಲಿಲ್ಲವೆಂದು ನನಗೆ ಆಗಾಗ ಅನ್ನಿಸುತ್ತದೆ. ‘ಶ್ರೀಕೃಷ್ಣ ಪಾರಿಜಾತ’ದ ಆಟವನ್ನೇ ನೋಡಿ. ಗಿಡ ಸತ್ಯಭಾಮೆಯ ಅಂಗಳದಲ್ಲಿ, ಹೂವು ರುಕ್ಮಿಣಿಯ ಅಂಗಳದಲ್ಲಿ. ಪ್ರೇಕ್ಷಕರು ಅಲ್ಲಿಯೂ ಪಕ್ಷ ಕಟ್ಟುತ್ತಾರೆ, ಆದರೆ ಭಾಮೆಗೆ ತನ್ನ ಸಿಟ್ಟನ್ನು, ಹಟವನ್ನು, ಸಂಕಟವನ್ನು ರಾತ್ರಿಯಿಡೀ ಹಾಡುವ ಅವಕಾಶವುಂಟು. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ ಲಕ್ಷಾಂತರ ಜನ ಹೋಗುವುದು ಕಾರಣಿಕ ಕೇಳಲು. ಅದೇ ಮೈಲಾರಲಿಂಗನಿಗೆ ಜನಪದರು ಇಬ್ಬರು ಹೆಂಡಿರನ್ನು ಹೇಳುತ್ತಾರೆ: ಗಂಗಿಮಾಳವ್ವ ಮತ್ತು ಕುರುಬತೆವ್ವ. ಮಹಾರಾಷ್ಟ್ರದ ಖಂಡೋಬನ ಕಥೆಯಲ್ಲಿ ಅವರೇ ಮ್ಹಾಳಸಾ, ಬಾಣಾಯಿ. ಮನೆಯ ದೊಡ್ಡಾಕೆ ಒಬ್ಬಳು, ಕುರಿಹಟ್ಟಿಯಿಂದ ಬಂದವಳು ಇನ್ನೊಬ್ಬಳು. ಇಬ್ಬರ ಜಗಳವೂ ಹಾಡಾಗಿ ಉಳಿದಿದೆ. ಯಾರು ಹೆಚ್ಚೆಂದು ಹಾಡು ತೀರ್ಮಾನಿಸುವುದಿಲ್ಲ. ಇಬ್ಬರಿಗೂ ಹೆಸರಿದೆ, ಇಬ್ಬರಿಗೂ ಮಾತಿದೆ, ಇಬ್ಬರಿಗೂ ಭಂಡಾರವಿದೆ. ಕಥೆ ಮುಂದೆ ಸಾಗಲು ಅವರಲ್ಲಿ ಒಬ್ಬಳು ಕಾಣೆಯಾಗಬೇಕೆಂಬ ನಿಯಮವಿಲ್ಲ.

1993ರಲ್ಲಿ ದೂರದರ್ಶನದಲ್ಲಿ ವಾರಕ್ಕೊಮ್ಮೆ ‘ಬ್ಯೋಮಕೇಶ್ ಬಕ್ಷಿ’ ಬರತೊಡಗಿತು. ಬಾಸು ಚಟರ್ಜಿಯವರ ನಿರ್ದೇಶನ, ಬ್ಯೋಮಕೇಶನಾಗಿ ರಜಿತ್ ಕಪೂರ್, ಗೆಳೆಯ ಅಜಿತನಾಗಿ ಕೆ.ಕೆ. ರೈನಾ. ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರು 1932ರಿಂದ ಬರೆದ ಕಥೆಗಳವು. ಹಳೆಯ ಕಲ್ಕತ್ತೆ, ಪಂಚೆಯುಟ್ಟ ಪತ್ತೇದಾರ. ಅವನು ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳುವುದಿಲ್ಲ, ಸತ್ಯಾನ್ವೇಷಿ ಎನ್ನುತ್ತಾನೆ. ಒಂದು ಕೊಲೆಯ ಮೊಕದ್ದಮೆಯಲ್ಲಿ ಆರೋಪ ಹೊತ್ತವನ ತಂಗಿ ಸತ್ಯವತಿ ಅವನ ಬಳಿಗೆ ಬರುತ್ತಾಳೆ, ಮುಂದೆ ಅವನ ಹೆಂಡತಿಯಾಗುತ್ತಾಳೆ. ಸತ್ಯವನ್ನು ಹುಡುಕಿದವನಿಗೆ ಸತ್ಯವತಿ ಸಿಕ್ಕಳೆಂಬ ಶ್ಲೇಷೆಯನ್ನು ಕನ್ನಡ ಮಾಸ್ತರನಾದ ನಾನು ಸ್ಟಾಫ್ ರೂಮಿನಲ್ಲಿ ಸವಿದು ಸವಿದು ಹೇಳಿದ್ದುಂಟು.

ಅತ್ತೆಗೆ ಹಿಂದಿ ಅಷ್ಟಕ್ಕಷ್ಟೆ. ನಾನು ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಿದ್ದೆ. ಮದುವೆಯ ಪ್ರಸಂಗ ಮುಗಿದ ವಾರ ಅವಳು ಏನೂ ಹೇಳಲಿಲ್ಲ. ಮುಂದೊಂದು ವಾರ, ಹೊಸ ಕೊಲೆ, ಹೊಸ ಕಥೆ; ಬ್ಯೋಮಕೇಶನೂ ಅಜಿತನೂ ಮಾತಾಡುತ್ತಿರುವಾಗ ಸತ್ಯವತಿ ಒಳಗಿನಿಂದ ಬಂದಳು. ಸುಕನ್ಯಾ ಕುಲಕರ್ಣಿಯವರು ಆ ಪಾತ್ರದಲ್ಲಿ ಗದ್ದಲವಿಲ್ಲದೆ ಓಡಾಡುತ್ತಿದ್ದರು. ಅತ್ತೆ ಥಟ್ಟನೆ ನೆಟ್ಟಗೆ ಕುಳಿತು, “ಈಕಿ ಅದಾಳ!” ಎಂದಳು. ಅಷ್ಟೇ. ಕೊಲೆಗಾರ ಯಾರೆಂದು ಆ ದಿನ ಅವಳು ಕೇಳಲಿಲ್ಲ. ಅಂದಿನಿಂದ ಪ್ರತಿವಾರವೂ ಸತ್ಯವತಿ ಬರುವವರೆಗೆ ಕಾದು, ಬಂದಳೆಂದರೆ ಸಮಾಧಾನದಿಂದ ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದಳು.

ಅದೇ ಬ್ಯೋಮಕೇಶ 2015ರಲ್ಲಿ ದಿಬಾಕರ್ ಬ್ಯಾನರ್ಜಿಯವರ ಹಿಂದಿ ಚಿತ್ರವಾಗಿ ಮರಳಿ ಬಂದ. ಯುದ್ಧಕಾಲದ ಕಲ್ಕತ್ತೆ, ಜಪಾನೀ ಬಾಂಬುಗಳ ಭಯ. ಅದರಲ್ಲಿ ಸತ್ಯವತಿಯ ಎದುರಿಗೆ ಅಂಗೂರಿ ದೇವಿಯೆಂಬ ನಟಿ. ಸ್ವಸ್ತಿಕಾ ಮುಖರ್ಜಿಯವರು ಮಾಡಿದ ಮೋಹಕ ಪಾತ್ರ. ರಜೆಗೆ ಬಂದ ಮಕ್ಕಳು ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡಿ, ಅಂಗೂರಿಯೋ ಸತ್ಯವತಿಯೋ ಎಂದು ಮಧ್ಯರಾತ್ರಿಯವರೆಗೆ ಕಚ್ಚಾಡಿದರು. ಡೇರೆಯಿಲ್ಲ, ಅಡ್ಡೆಯಿಲ್ಲ, ಹುಡುಗ ಹುಡುಗಿಯರು ಒಂದೇ ಚಾಪೆಯ ಮೇಲೆ. ವಾದ ಮಾತ್ರ ಹಳೆಯದೇ. ಅವರ ನಡುವೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, “ಅವನಿಗೆ ಯಾರು ಸರಿ ಅಂತ ಕೇಳ್ತಾನೇ ಇದ್ದೀರಲ್ಲ, ಇವರಿಬ್ಬರಿಗೆ ಅವನು ಸರಿಯೇನು ಅಂತ ಯಾರಾದರೂ ಕೇಳ್ರಿ” ಎಂದಳು. ಆಗ ಅತ್ತೆ ಹೋಗಿ ಹಲವು ವರ್ಷಗಳಾಗಿದ್ದವು. ಇದ್ದಿದ್ದರೆ ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಿದ್ದಳು.

ಪಕ್ಷ ಕಟ್ಟುವುದು ಕೂಡದೆಂದು ನಾನು ಹೇಳಲಾರೆ. ಕಟ್ಟದಿದ್ದರೆ ಕಥೆಗೆ ರುಚಿಯಿಲ್ಲ. ವಾದ ಮಾಡುತ್ತಲೇ ನಾವು ಪರರ ಬದುಕನ್ನು ಊಹಿಸುವುದನ್ನು ಕಲಿಯುತ್ತೇವೆ. ಆದರೆ ಓದುಗರೇ, ಈ ಅಭ್ಯಾಸ ಬಿಳಿಯ ಪರದೆಯ ಮುಂದೆ ಆರಂಭವಾಗಿ ನೆರೆಮನೆಯ ಕಟ್ಟೆಯವರೆಗೂ ಬರುತ್ತದೆ. ಆದ್ದರಿಂದ ತೀರ್ಪಿನ ಮುಂಚೆ ಒಂದು ಸಣ್ಣ ವಿಚಾರಣೆ ನಡೆಯಲಿ ಎಂಬುದಷ್ಟೇ ನನ್ನ ಬಿನ್ನಹ. ಆರಿಸಲ್ಪಟ್ಟವಳನ್ನೂ ಕೇಳೋಣ, ಬಿಟ್ಟುಹೋದವಳನ್ನೂ ಕೇಳೋಣ. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದಾಗ 999ನ ಜೊತೆಗೆ ಮತ್ತೆ ಹೊಸ ನಾಯಕಿ, ಪದ್ಮಪ್ರಿಯಾ. ಅತ್ತೆ ಆ ಚಿತ್ರವನ್ನೂ ಟಿಕೆಟ್ಟು ಕೊಂಡು ನೋಡಿದಳು. ಹೇಗಿತ್ತೆಂದು ಕೇಳಿದ್ದಕ್ಕೆ, “ಚಲೋ ಐತಿ. ಇನ್ನೂ ಯಾರೂ ಆಕಿನ್ನ ಹುಡುಕಿಲ್ಲ” ಎಂದಳು.