ಕಾಕಾ ಮತ್ತು ಹಂಚಿನ ಕಾಕಾ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಆಜ್ಞಾಪಿಸಿದಾಗ ನನಗೆ ಮೊದಲು ಹೊಳೆದದ್ದು ಮಲಪ್ರಭೆ ಹುಟ್ಟುವ ಕಣಕುಂಬಿ. ಆದರೆ ಖಾನಾಪುರ ತಾಲೂಕಿನಿಂದ ಬಂದವರೆಲ್ಲರೂ ಕಣಕುಂಬಿಯನ್ನೇ ಬರೆಯುತ್ತಾರೆ. ಆದುದರಿಂದ ನನ್ನ ಕಾಕಾನನ್ನು ಕುರಿತು ಬರೆಯುತ್ತೇನೆ. ಹಂಚಿನ ಕಾಕಾ ಅವರ ಒಪ್ಪಿಗೆ ಕೇಳಿಯೇ ಕುಳಿತಿದ್ದೇನೆ. “ಹೆಸರು ಬ್ಯಾಡ, ಊರೂ ಬ್ಯಾಡ. ಇಬ್ಬರು ಇದ್ದಿವಿ ಅಂತ ಮಾತ್ರ ಬರಿ” ಎಂದರು.

ಕಾಕಾ ನಮ್ಮ ಕಾಡಂಚಿನ ಹಳ್ಳಿಯಲ್ಲಿ ಎರಡು ಸಲ ಪಂಚಾಯತಿ ಸದಸ್ಯನಾಗಿದ್ದ. ಮದುವೆಯಾಗಲಿಲ್ಲ. ಹಂಚಿನ ಕಾಕಾ ನಮ್ಮ ರಕ್ತಸಂಬಂಧಿಗಳಲ್ಲ. ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಒಂದು ಮಳೆಗಾಲದಲ್ಲಿ ಹಳ್ಳ ಬಂದು ದಾರಿ ಕಟ್ಟಿ, ಕಾಕಾನ ಮನೆಯಲ್ಲಿ ಎರಡು ರಾತ್ರಿ ಉಳಿದರಂತೆ. ಹಳ್ಳ ಇಳಿಯಿತು, ಅವರು ಹೋಗಲಿಲ್ಲ. ಹಾಗೆಯೇ ಇಪ್ಪತ್ತಾರು ವರ್ಷ ಕಳೆದವು. ಕಾಕಾನಿಗೆ ಏಕವಚನ, ಇವರಿಗೆ ಬಹುವಚನ. ನಮ್ಮ ಮನೆಯ ವ್ಯಾಕರಣದಲ್ಲಿ ಇದ್ದ ಭೇದ ಇಷ್ಟೇ.

ಊರಿಗೆ ಇದು ಗೊತ್ತಿರಲಿಲ್ಲವೆಂದು ತಿಳಿಯಬೇಡಿ. ಗೊತ್ತಿತ್ತು, ಹೇಳಲು ಶಬ್ದವಿರಲಿಲ್ಲ. ನಮ್ಮದೇ ಜಿಲ್ಲೆಯ ಸವದತ್ತಿಯ ಗುಡ್ಡದಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟ ಜೋಗಪ್ಪನಿಗೆ ಜನ ಕೈಮುಗಿಯುತ್ತಾರೆ. ಜೋಗತಿ ಪರಂಪರೆಯ ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರೇನೂ ಸುಖವಾಗಿ ಅಲ್ಲಿಗೆ ಮುಟ್ಟಿದವರಲ್ಲ. ಆದರೂ ಅವರ ಬಾಳಿಗೆ ದೇವಿ ಒಂದು ಹೆಸರು ಕೊಟ್ಟಿದ್ದಳು. ಧೋತರ, ಬಿಳಿ ಅಂಗಿ ತೊಟ್ಟು ಪಂಚಾಯತಿ ಸಭೆಗೆ ಹೋಗುವ ಸಾದಾ ಗಂಡಸು ಇನ್ನೊಬ್ಬ ಗಂಡಸಿನ ಮೇಲೆ ಮನಸ್ಸಿಟ್ಟರೆ, ಅವನಿಗೆ ಯಾವ ಗುಡ್ಡವೂ ಇಲ್ಲ.

2010ರ ಚುನಾವಣೆಯಲ್ಲಿ ಕಾಕಾ ಸೋತ. “ಸ್ವಂತ ಸಂಸಾರ ಇಲ್ಲದವಗ ಊರಿನ ಸಂಸಾರ ಏನ ತಿಳೀತೈತಿ?” ಎಂಬುದೇ ಎದುರಾಳಿಗಳ ಪ್ರಚಾರವಾಗಿತ್ತು. 2015ರಲ್ಲಿ ಮತ್ತೆ ನಿಂತಾಗ ನನ್ನ ಅಜ್ಜಿ (ನಾವು ಆಯಿ ಎನ್ನುತ್ತೇವೆ) ತಾನೇ ಓಣಿ ಓಣಿ ತಿರುಗಿದಳು. “ನನ್ನ ಮಗಗ ಓಟ ಹಾಕ್ರಿ. ಅವನ ಮನ್ಯಾಗ ಇಬ್ಬರು ಗಂಡಸರು ಅದಾರ; ಊರ ಕೆಲಸಕ್ಕ ನಾಕು ಕೈ ಸಿಗತಾವ” ಎಂದಳು. ಜನ ನಕ್ಕರು, ಓಟನ್ನೂ ಹಾಕಿದರು. ಆ ನಾಲ್ಕು ಕೈಗಳೂ ದುಡಿದವು. ಉದ್ಯೋಗ ಖಾತ್ರಿಯ ಕೂಲಿಗಾಗಿ ಕಾಕಾ ತಾಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿದ್ದರೆ, ಹಂಚಿನ ಕಾಕಾ ಕೂಲಿಕಾರರ ಅರ್ಜಿ ಬರೆಯುತ್ತಿದ್ದರು. ಮಳೆಗಾಲದಲ್ಲಿ ಬಸುರಿಯರನ್ನು ಕಂಬಳಿಯ ಜೋಲಿಯಲ್ಲಿ ಹೊರುವಾಗ ಮುಂದಿನ ಹೆಗಲು ಒಬ್ಬರದು, ಹಿಂದಿನದು ಇನ್ನೊಬ್ಬರದು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಪ್ರಾಯಕ್ಕೆ ಬಂದವರ ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತರು. 1860ರ ದಂಡಸಂಹಿತೆಯ 377ನೆಯ ಕಲಮಿನ ಹಲ್ಲು ಅಂದು ಮುರಿಯಿತು. ನಾನಿನ್ನೂ ಚಿಕ್ಕವನು. ಮರುದಿನ ಕಾಕಾ ಪತ್ರಿಕೆಯನ್ನು ಎರಡು ಸಲ ಓದಿ, ಮಡಿಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡ. “ಏನ ಸುದ್ದಿ ಕಾಕಾ?” ಎಂದೆ. “ದಿಲ್ಲ್ಯಾಗ ನಳ ಬಿಟ್ಟಾರ ತಮ್ಮಾ. ನಮ್ಮೂರಿಗೆ ನೀರು ಬರಾಕ ಇನ್ನೂ ಪೈಪು ಹಾಕಬೇಕು” ಎಂದ. ನಾನು ಅದನ್ನು ನೀರಿನ ಯೋಜನೆಯೆಂದೇ ತಿಳಿದಿದ್ದೆ!

ಬೆಳಗಾವಿಗೆ ಓದಲು ಬಂದ ಮೇಲೆ ಹಾರ್ವೆ ಮಿಲ್ಕ್ ಎಂಬಾತನ ಚರಿತ್ರೆಯನ್ನು ಓದಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದವನು. ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಯೇ ಚುನಾವಣೆಗಳಿಗೆ ನಿಂತು, ಮೂರು ಸಲ ಸೋತು, 1977ರಲ್ಲಿ ನಗರಸಭೆಗೆ ಆರಿಸಿಬಂದ. ಅವನು ಮಾಡಿಸಿದ ಕಾನೂನುಗಳಲ್ಲೊಂದು, ಸಾಕುನಾಯಿ ಬೀದಿಯಲ್ಲಿ ಮಾಡಿದ ಹೊಲಸನ್ನು ಒಡೆಯನೇ ಎತ್ತಬೇಕೆಂಬುದು. ಓದಿ ನಗು ಬಂತು. ನಮ್ಮ ಕಾಕಾನ ಜಗಳಗಳೂ ಗಟಾರದವೇ ತಾನೆ? 1978ರ ನವೆಂಬರ್ 27ರಂದು ಮಿಲ್ಕನನ್ನು ಗುಂಡಿಕ್ಕಿ ಕೊಂದರು. ಅಧಿಕಾರದಲ್ಲಿ ಒಂದು ವರ್ಷವೂ ತುಂಬಿರಲಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ 2024ರಲ್ಲಿ ಅನೀಶ್ ಗವಾಂದೆ ಎಂಬ ತರುಣರು ತಮ್ಮ ವಿಷಯ ಮುಚ್ಚಿಡದೆಯೇ ಒಂದು ಪಕ್ಷದ ರಾಷ್ಟ್ರೀಯ ವಕ್ತಾರರಾದರು. ಆ ಸುದ್ದಿ ಓದಲು ಕಾಕಾ ಇರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ, ಎರಡನೆಯ ಅವಧಿ ಮುಗಿಯುವ ಮೊದಲೇ, ಅವನು ತೀರಿಕೊಂಡ. ಸಂತಾಪಸಭೆಯಲ್ಲಿ ಹಿರಿಯರೊಬ್ಬರು, “ಹೆಂಡರು ಮಕ್ಕಳೆನ್ನದೆ ಒಂಟಿಯಾಗಿ ಊರಿಗಾಗಿ ಜೀವ ತೇದರು” ಎಂದರು. ಹಂಚಿನ ಕಾಕಾ ಕೊನೆಯ ಸಾಲಿನಲ್ಲಿ ಮೊಣಕಾಲು ಹಿಡಿದು ಕುಳಿತಿದ್ದರು. ಕಾಲೇಜು ಓದುವ ಹುಡುಗನೆಂದು ನನ್ನನ್ನೂ ಮಾತಿಗೆ ಕರೆದರು. ‘ಒಂಟಿಯಲ್ಲ’ ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಿರುಸೇತುವೆಯ ವಿಷಯ ಮಾತಾಡಿ ಇಳಿದುಬಂದೆ. ಅವರು ನನಗೆ ಏನೂ ಅನ್ನಲಿಲ್ಲ. ಛತ್ರಿ ಹಿಡಿದು ಮನೆಯ ತನಕ ಕರೆದುಕೊಂಡು ಬಂದರು.

2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಇಂಥವರ ಮದುವೆಗೆ ಮಾನ್ಯತೆ ಕೊಡಲಿಲ್ಲ. ಕಾಯದೆಯ ಕಣ್ಣಿಗೆ ಹಂಚಿನ ಕಾಕಾ ಆ ಮನೆಯಲ್ಲಿ ಯಾರೂ ಅಲ್ಲ. ಮನೆ ತಾಯಿಯಾದ ಆಯಿಯ ಹೆಸರಿಗೆ ಬಂದಿದೆ. ಅವರು ತಿಂಗಳಿಗೊಮ್ಮೆ ಬಾಡಿಗೆಯೆಂದು ದುಡ್ಡು ತಂದಿಡುತ್ತಾರೆ. ಆಯಿ ಅದನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಅವರ ಮನೆಗೇ ಕಳಿಸುತ್ತಾಳೆ. ಈಗ ಮನೆಯನ್ನು ಅವರಿಗೆ ಮೃತ್ಯುಪತ್ರ ಬರೆದುಕೊಡುತ್ತೇನೆಂದು ಹಟ ಹಿಡಿದಿದ್ದಾಳೆ. ನಮ್ಮ ತಂದೆ ಇನ್ನೂ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ. ಬರುವ ಸೋಮವಾರ ಖಾನಾಪುರದಲ್ಲಿ ವಕೀಲರನ್ನು ಕಾಣಬೇಕು. ಜೊತೆಗೆ ನಾನು ಹೋಗುತ್ತೇನೆ. ಆಯಿ ಆಗಲೇ ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದ್ದಾಳಂತೆ.